ಸಿಡಿಲಿನ ಸಾಲು

ಬೋಗ್ಲಾಖಾಲಿ, ಸುನಾಮ್‌ಗಂಜ್
ಬೈಶಾಖ ೧೩, ಶನಿವಾರ

ಪ್ರೀತಿಯ ಭಾಯಿಜಾನ್,

ಸಲಾಂ. ಹೇಗಿದ್ದೀಯ? ಹಡಗಿನ ಸೆಕೆಗೆ ಬೆನ್ನ ಮೇಲಿನ ಬೊಕ್ಕೆ ಮತ್ತೆ ಎದ್ದಿಲ್ಲ ತಾನೆ? ಅಮ್ಮ ಕೊಟ್ಟ ಎಣ್ಣೆ ಹಚ್ಚಿಕೋ. ಅದರ ವಾಸನೆಗೆ ಜೊತೆಯವರು ನಕ್ಕರೆ ನಗಲಿ. ಮಂಗಳವಾರದಿಂದ ಇಲ್ಲಿ ಟವರ್ ಸತ್ತಿದೆ, ಅದಕ್ಕೇ ಈ ಕಾಗದ. ಚಿತ್ತಗಾಂಗಿನ ನಿಮ್ಮ ಕಚೇರಿಯವರು ಹಡಗಿಗೆ ತಲುಪಿಸುತ್ತಾರೆ ಎಂದು ನಂಬಿದ್ದೇನೆ. ನಿಂತು ಓದಬೇಡ, ಎಲ್ಲಾದರೂ ಕೂತುಕೋ.

ನಮ್ಮ ದುಲಾಭಾಯಿ ಇಲ್ಲ, ಭಾಯಿಜಾನ್. ಮೊಮೆನಾ ಆಪಾ ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡಳು. ಮಂಗಳವಾರ ಮಧ್ಯಾಹ್ನ, ನಮ್ಮ ಗದ್ದೆಯಲ್ಲೇ, ಸಿಡಿಲು ಬಡಿದು. ಬರೆದ ಮೇಲೂ ಇದು ಬೇರೆ ಯಾರದೋ ಮನೆಯ ಸುದ್ದಿ ಅನ್ನಿಸುತ್ತಿದೆ.

ಆದದ್ದನ್ನು ಆದ ಹಾಗೇ ಹೇಳುತ್ತೇನೆ. ಪ್ರತಿ ಭಾನುವಾರ ನನ್ನ ಮೊಬೈಲಿಗೆ ಬರುವ ವಾರದ ಹವಾಮಾನ ಸೂಚನೆಯನ್ನು ಚಹಾ ಅಂಗಡಿಯ ಮುಂದಿನ ಕರಿಹಲಗೆಯ ಮೇಲೆ ಬರೆಯುತ್ತೇನಲ್ಲ, ಈ ಸಲ ಅದರಲ್ಲಿ ಎರಡು ಮಾತಿದ್ದವು. ಮೇಘಾಲಯದ ಗುಡ್ಡಗಳಲ್ಲಿ ಸೋಮವಾರದಿಂದ ಜೋರು ಮಳೆ, ಗುರುವಾರದ ಹೊತ್ತಿಗೆ ನಮ್ಮ ತಗ್ಗು ಗದ್ದೆಗಳಿಗೆ ನೀರು ನುಗ್ಗಬಹುದು, ಮುಕ್ಕಾಲು ಬಲಿತಿದ್ದರೂ ಭತ್ತ ಕೊಯ್ದುಬಿಡಿ. ಇನ್ನೊಂದು, ವಾರವಿಡೀ ಮಧ್ಯಾಹ್ನದ ಮೇಲೆ ಸಿಡಿಲು, ಬಯಲಲ್ಲಿ ನಿಲ್ಲಬೇಡಿ. ಎರಡನ್ನೂ ಬರೆದೆ. ಬರೆಯುವಾಗ ದುಲಾಭಾಯಿ ಯಾವಾಗಿನಂತೆ ಹಿಂದೆ ನಿಂತು, "ಏನ್ರೀ ಹವಾಮಾನ ಬೇಗಂ, ನನ್ನ ಲುಂಗಿ ಇವತ್ತು ಒಣಗುತ್ತೋ ಇಲ್ವೋ, ಅದನ್ನೂ ಒಂದು ಸಾಲು ಬರೀರಿ" ಎಂದರು. ನಾನು ಸೀಮೆಸುಣ್ಣದಲ್ಲೇ ಅವರ ಕೈಗೆ ಹೊಡೆದೆ.

ಮಂಗಳವಾರ ಬೆಳಿಗ್ಗೆ ಹಲಗೆಯ ಮೇಲೆ ನೀರಿನ ಮಾತಷ್ಟೇ ಇತ್ತು. ದುಲಾಭಾಯಿ ಚಹಾ ಲೋಟ ಹಿಡಿದು ಮೇಲಿಂದ ಕೆಳಗೆ ಓದಿದರಂತೆ. "ಮೊನ್ನೆ ಸಿಡಿಲು ಅಂತ ಏನೋ ಇತ್ತಲ್ಲ?" ಎಂದು ಕೇಳಿದ್ದಕ್ಕೆ ಅಂಗಡಿಯ ಕುದ್ದುಸ್, "ಇದ್ದಿದ್ರೆ ನಿಮ್ಮ ನಾದಿನಿ ಬಿಡ್ತಿದ್ರಾ? ಹೋಗಿದೆ ಅಂತ ತೆಗೆದಿರ್ತಾರೆ" ಎಂದನಂತೆ. ದುಲಾಭಾಯಿಯ ಸ್ವಂತ ಗದ್ದೆಯ ಕೊಯ್ಲು ಸೋಮವಾರವೇ ಮುಗಿದಿತ್ತು. ನೀನಿಲ್ಲ, ಅಬ್ಬಾ ಒಬ್ಬರೇ ಎಂದು ನಮ್ಮ ಗದ್ದೆಗೆ ಇಳಿದರು.

ಮೂರು ಗಂಟೆಗೆ ಉತ್ತರದ ಕಡೆ ಕಪ್ಪಾಯಿತು. ಇನ್ನು ನಾಲ್ಕು ಸಾಲು ಮಾತ್ರ ಉಳಿದಿತ್ತು. ಅಬ್ಬಾ "ಬಾರಪ್ಪಾ, ಸಾಕು" ಎಂದರಂತೆ. "ನೀವು ನಡೀರಿ, ಇದೊಂದು ಹಿಡಿ ಕೊಯ್ದು ಬರ್ತೀನಿ" ಎಂದು ಇವರು ಬಗ್ಗಿದರಂತೆ. ಅಬ್ಬಾ ಕಣ್ಣು ಬಿಟ್ಟಾಗ ಕೆಸರಲ್ಲಿ ಬಿದ್ದಿದ್ದರು, ಎಡಗಿವಿ ಕೇಳುತ್ತಿರಲಿಲ್ಲ. ದುಲಾಭಾಯಿ ಕುಡುಗೋಲು ಹಿಡಿದೇ ಮಲಗಿದ್ದರು. ಮೈಮೇಲೆ ಗಾಯವೇ ಇರಲಿಲ್ಲ. ಅದಕ್ಕೇ ಆಪಾ ಸಂಜೆಯವರೆಗೂ ಒಪ್ಪಲಿಲ್ಲ. ಅಂಗಾಲು ತಿಕ್ಕುತ್ತಲೇ ಇದ್ದಳು, "ಬೆಚ್ಚಗಿದ್ದಾರೆ ನೋಡಿ, ಬೆಚ್ಚಗಿದ್ದಾರೆ" ಎನ್ನುತ್ತ.

ಬುಧವಾರ ಬೆಳಿಗ್ಗೆ ಮಣ್ಣು ಮಾಡಿದೆವು. ಗೋರಿಸ್ತಾನದಿಂದ ಹಾಗೇ ಊರವರು ನಮ್ಮ ಗದ್ದೆಗೆ ಇಳಿದು ಉಳಿದ ಭತ್ತ ಕೊಯ್ದು ಕೊಟ್ಟರು. ಗುರುವಾರ ಒಡ್ಡು ಒಡೆದು ನೀರು ಬಂತು, ಸೂಚನೆಯಲ್ಲಿದ್ದ ದಿನವೇ. ಈಗ ಬಾಗಿಲಲ್ಲಿ ನಿಂತರೆ ಕಣ್ಣು ಹಾಯುವಷ್ಟೂ ನೀರು. ಊರಿನ ಭತ್ತವೆಲ್ಲ ಮನೆ ಸೇರಿದೆ. ಹೆಂಗಸರು ಬಂದು ನನ್ನ ತಲೆ ಸವರಿ, "ನಿನ್ನ ಹಲಗೆ ನಮ್ಮ ಅನ್ನ ಉಳಿಸ್ತು ಮಗಳೇ" ಎನ್ನುತ್ತಾರೆ. ಅದೇ ಬಾಯಲ್ಲಿ ಆಪಾಳಿಗಾಗಿ ಅಳುತ್ತಾರೆ.

ನಿನ್ನೆ ಜುಮ್ಮಾ ನಮಾಜಿನ ನಂತರ ಮಸೀದಿಯ ಮೈಕಿನಲ್ಲಿ ಅಬ್ಬಾರ ದನಿ ಕೇಳಿಸಿತು. "ಸಿಡಿಲಿನ ಸಾಲು ಅಳಿಸಿದ್ದು ನಾನು. ಜನ ಹೆದರಿ ಗದ್ದೆಗೆ ಇಳಿಯೋದಿಲ್ಲ ಅಂತ ಅಳಿಸಿದೆ. ನನ್ನ ಅಳಿಯನನ್ನ ನಾನೇ ಕಳೆದೆ. ನನ್ನ ಮಗಳ ಮುಂದೆ ಯಾರೂ ನನ್ನ ಪರ ಮಾತಾಡಬೇಡಿ." ಇಷ್ಟೇ. ಅಂಗಳದಲ್ಲಿ ಭತ್ತ ಕೇರುತ್ತಿದ್ದ ನನ್ನ ಕೈಯಿಂದ ಮೊರ ಜಾರಿತು. ಪಕ್ಕದಲ್ಲಿದ್ದ ಆಪಾ ಎದ್ದು, ಮಕ್ಕಳಿಬ್ಬರ ಕೈ ಹಿಡಿದು ತನ್ನ ಮನೆಗೆ ನಡೆದಳು. ಆಮೇಲೆ ಅವಳು ಅಬ್ಬಾರ ಮುಖ ನೋಡಿಲ್ಲ. ಅವರು ಜಗಲಿಯಲ್ಲೇ ಕೂತಿದ್ದಾರೆ. ಕರೆದರೆ ಕೇಳಿಸುವುದಿಲ್ಲವೋ, ಕೇಳಿಸಿಯೂ ಸುಮ್ಮನಿರುತ್ತಾರೋ ತಿಳಿಯದು.

ಅಮ್ಮ ನಿನಗಾಗಿ ಐದು ಹೊತ್ತೂ ದುವಾ ಮಾಡುತ್ತಾಳೆ. ಹಡಗು ದಡ ಮುಟ್ಟಿದ ಕೂಡಲೇ ಬಾ.

ನಿನ್ನ
ಜೋಬೇದಾ

ಮತ್ತೆ: ಅಬ್ಬಾ ಹೇಳಿದ್ದು ಸುಳ್ಳು. ಸಾಲು ಅಳಿಸಿದ್ದು ನಾನು. ಪಕ್ಕದೂರಿನಲ್ಲಿ ಕೊಯ್ಲಿನ ಆಳುಗಳು ಸಿಡಿಲಿನ ಹೆದರಿಕೆಗೆ ಗಂಟು ಕಟ್ಟಿ ಹೊರಟರೆಂದು ಸೋಮವಾರ ಸಂಜೆ ಕೇಳಿದೆ. ನಮ್ಮವರೂ ಇಳಿಯದಿದ್ದರೆ ಎಲ್ಲ ನೀರುಪಾಲು ಅನ್ನಿಸಿತು. ದುಪಟ್ಟಾದಲ್ಲಿ ಒರೆಸಿಬಿಟ್ಟೆ. ಅಬ್ಬಾ ಅಲ್ಲಿರಲೇ ಇಲ್ಲ. ಅವರಿಗೆ ಹೇಗೆ ಗೊತ್ತಾಯಿತೋ, ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಿನ್ನೆಯಿಂದ ನಾನೂ ಬಾಯಿ ಬಿಟ್ಟಿಲ್ಲ. ದೋಣಿಯವನು ಕೂಗುತ್ತಿದ್ದಾನೆ. ಕಾಗದ ಅವನ ಕೈಗಿಟ್ಟು ನೇರ ಆಪಾಳ ಹತ್ತಿರ ಹೋಗುತ್ತೇನೆ, ಹೇಳುವುದಕ್ಕೆ. ನೀನು ಬರುವಷ್ಟರಲ್ಲಿ ಅವಳು ನನ್ನನ್ನು ತಂಗಿ ಅನ್ನುವುದನ್ನೇ ಬಿಟ್ಟಿರಬಹುದು. ಹಾಗಾಗಿದ್ದರೆ ನೀನು ನಡುವೆ ಬರಬೇಡ. ಅಬ್ಬಾರ ಪಕ್ಕದಲ್ಲಿ ಹೋಗಿ ಕೂತುಕೋ, ಬಲಗಡೆ. ಆ ಕಿವಿ ಕೇಳುತ್ತದೆ.