ಎಣ್ಣೆ ಹತ್ತದ ಬದಿ

ಮಾರ್ಚ್ ೩, ಸೋಮವಾರ

ನನ್ನ ಗೈಡ್ ಮೇಷ್ಟ್ರ ಸಂಶೋಧನಾ ಪೇಪರಿನಲ್ಲಿರುವುದು ಸುಳ್ಳು. ಬೆಳಿಗ್ಗೆ ಲ್ಯಾಬಿನಲ್ಲಿ ಪಂಪು ಚಾಲೂ ಮಾಡಿ, ಎಣ್ಣೆ ಬಿಸಿಯಾಗುವವರೆಗೂ ಅದೇ ಯೋಚನೆ. ಗಾಳಿಯಲ್ಲಿ ತೇಲುವ ಉಪ್ಪಿನ ಕಣಕ್ಕೆ ಎಣ್ಣೆಯ ತೆಳು ಪದರ ಕೊಡುತ್ತೇವೆ. ಯುವಿ ಬೆಳಕು ಬಿದ್ದರೆ ಉಪ್ಪಿನಿಂದ ನಿಧಾನದ ಎಲೆಕ್ಟ್ರಾನುಗಳು ಹೊರಡುತ್ತವೆ. ಎಷ್ಟು ದಪ್ಪದ ಎಣ್ಣೆ ದಾಟಿ ಬರುತ್ತವೆ ಎಂದು ಎಣಿಸುವುದು ನಮ್ಮ ಕೆಲಸ. ಪೇಪರಿನ ಪ್ರಕಾರ ದಪ್ಪ ಪದರವನ್ನೂ ಸಲೀಸಾಗಿ ದಾಟುತ್ತವಂತೆ. ಎಲ್ಲಿ ದಾಟುತ್ತವೆ? ಪಕ್ಕದ ಲ್ಯಾಬಿನ ಮೈಕ್ರೋಸ್ಕೋಪಿನಲ್ಲಿ ನೋಡಿದೆ — ಎಣ್ಣೆ ಕಣವನ್ನು ಸುತ್ತಿಕೊಳ್ಳುವುದೇ ಇಲ್ಲ. ಒಂದು ಬದಿಗೆ ಹನಿಗಟ್ಟಿ ಕೂರುತ್ತದೆ. ಎಲೆಕ್ಟ್ರಾನುಗಳು ಬೋಳು ಬದಿಯಿಂದ ಹೊರಬೀಳುತ್ತವೆ.

ಮೇಷ್ಟ್ರಿಗೆ ಚಿತ್ರ ತೋರಿಸಿದೆ. "ಒಂದೆರಡು ಕಣ ಹಾಗಿರ್ತವೆ, ಬಿಡಪ್ಪ."

ಬಿಡುವುದಿಲ್ಲ.

ಮಾರ್ಚ್ ೬, ಗುರುವಾರ

ಅಕ್ಕನಿಗೂ ತೋರಿಸಿದೆ. ಒಡಹುಟ್ಟಿದವಳಲ್ಲ, ಲ್ಯಾಬಿನ ಸೀನಿಯರ್. ಅಳತೆಯೆಲ್ಲ ಅವಳ ಕೈಯದು. ಅವಳ ಥೀಸಿಸ್ ನಿಂತಿರುವುದೇ ಅದರ ಮೇಲೆ. ಊಟದ ಡಬ್ಬಿ ಮುಚ್ಚಿದಳು. ನನ್ನ ಭಾಷಣಗಳಿಂದಾಗಿ ಅವಳು ನನಗಿಟ್ಟ ಹೆಸರು ಕರಪತ್ರ.

"ನೋಡೋ ಕರಪತ್ರ, ನನ್ನ ವೈವಾ ಒಂದು ಮುಗೀಲಿ. ಆಮೇಲೆ ಇಬ್ರೂ ಕೂತು ಸರಿ ಮಾಡೋಣ."

"ಸತ್ಯ ನಿನ್ನ ವೈವಾಗೆ ಕಾಯ್ಬೇಕಾ ಅಕ್ಕ?"

"ಕಾಯುತ್ತೆ. ಅದಕ್ಕೇನು ವಯಸ್ಸಾಗುತ್ತಾ? ನಂಗಾಗ್ತಿದೆ."

ಅಂದರೆ ಅವಳಿಗೆ ಮೊದಲೇ ಗೊತ್ತಿತ್ತು... ಸುಮ್ಮನಿರುವವನೂ ಪಾಲುದಾರ ಎಂದು ಓದಿ ಅಡಿಗೆರೆ ಎಳೆದವನು ನಾನು. ಹೇಗೆ ಸುಮ್ಮನಿರಲಿ?

ಮಾರ್ಚ್ ೧೪, ಶುಕ್ರವಾರ

ಸೆಮಿನಾರಿನಲ್ಲಿ ಎದ್ದು ಹೇಳಿಬಿಟ್ಟೆ. ಹೊರಗಿನವರೆಲ್ಲ ಇದ್ದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಅಳತೆ ನನ್ನದಲ್ಲವಲ್ಲ. ಮಾಡಿದವರು ಅಲ್ಲೇ ಕೂತಿದ್ದಾರೆ, ಕೇಳಿ."

ಎಲ್ಲರೂ ಹಿಂದಿನ ಸಾಲಿನತ್ತ ತಿರುಗಿದರು. ಅಕ್ಕ ಎದ್ದು ನಿಂತಳು. ಕೈಯಲ್ಲಿ ಪೆನ್ನಿನ ಮುಚ್ಚಳ. ನಾನು ಏನಾದರೂ ಅನ್ನಬೇಕಿತ್ತು. ಕೂತುಬಿಟ್ಟೆ.

ಮಾರ್ಚ್ ೧೫

ವೈವಾ ರದ್ದು. ಬುಧವಾರ ಸಮಿತಿಯ ಮುಂದೆ ವಿಚಾರಣೆ, ಅವಳೊಬ್ಬಳ ಮೇಲೆ. ಪಂಪು ಚಾಲೂ ಮಾಡಲಿಲ್ಲ. ಯಾರಿಗಾಗಿ?

ಮಾರ್ಚ್ ೧೭, ಸೋಮವಾರ

ಮೇಷ್ಟ್ರು ಕರೆದು ಚಹಾ ತರಿಸಿದರು. "ಅವಳು ನನ್ನಿಂದ ಮುಚ್ಚಿಟ್ಟಳು ಅಂತ ಸಮಿತಿಗೆ ಹೇಳು ಸಾಕು. ನಿನ್ನ ಸೀಟಿಗೆ ಏನೂ ಆಗಲ್ಲ." ಚಹಾ ಕುಡಿದೆ. ಥೂ. ಕುಡಿದೆ.

ಸಂಜೆ ಅಕ್ಕನೇ ಫೋನು ಮಾಡಿದಳು.

"ಮೇಷ್ಟ್ರಿಗೆ ಚಿತ್ರ ತೋರಿಸಿದ್ದೆ ಅಂತ ಹೇಳ್ತೀಯಾ?"

"ಹೇಳ್ತೀನಿ."

"ನಂಗೂ ಗೊತ್ತಿತ್ತು ಅಂತ?"

ಹೇಳಿದರೆ ಅವಳು ಮುಗಿದಳು. ಹೇಳದಿದ್ದರೆ ನಾನೂ ಮೇಷ್ಟ್ರೇ.

"ಅದನ್ನೂ ಹೇಳು ಕಣೋ. ಅರ್ಧ ಸತ್ಯಕ್ಕೆ ನನ್ನ ಥೀಸಿಸ್ ಯಾಕೆ ಬಲಿ ಕೊಟ್ಟೆ ಮತ್ತೆ?" ನಗುತ್ತಿದ್ದಳೋ ಏನೋ, ಗೊತ್ತಾಗಲಿಲ್ಲ. "ಒಟ್ಟಿಗೇ ಒಳಗೆ ಹೋಗೋಣ. ಒಬ್ಬಳೇ ಹೋಗೋಕೆ ನಂಗೆ ಭಯ."

ಬುಧವಾರ, ಬೆಳಿಗ್ಗೆ ಹತ್ತೂವರೆ. ಸಮಿತಿ ಕೊಠಡಿಯ ಮೆಟ್ಟಿಲ ಹತ್ತಿರ ಕಾಯ್ತೀನಿ ಅಂದೆ.