ರೇಡಿಯೋದಲ್ಲಿ ನಿನ್ನ ಭಾವ

ಸರಗೂರು
14-3-1972, ಮಂಗಳವಾರ

ಪ್ರೀತಿಯ ತಮ್ಮ ಚಿಕ್ಕಮಾದಯ್ಯನಿಗೆ, ನಿನ್ನ ಅಕ್ಕ ಬೀರಮ್ಮ ತಲೆ ಸವರಿ ಬರೆಯುವ ಕಾಗದ.

ಹೇಗಿದ್ದೀಯ ಮಾದು? ಮಳೆಗಾಲದಲ್ಲಿ ಕಾಡುತ್ತಿದ್ದ ಉಬ್ಬಸ ಈಗ ಕಡಿಮೆಯಾಗಿದೆಯಾ? ಮಾನಂದವಾಡಿಯ ಮರದ ಡಿಪೋದಲ್ಲಿ ನಿನ್ನನ್ನು ಕಂಡೆನೆಂದು ಲಾರಿ ಓಡಿಸುವ ಲಿಂಗಯ್ಯ ಹೇಳಿ ಈ ವಿಳಾಸ ಕೊಟ್ಟ. ಮದುವೆಯಾಗಿ ಒಂದು ಹೆಣ್ಣು ಮಗುವೂ ಇದೆಯಂತೆ. ಕೇಳಿ ಸಂತೋಷವಾಯಿತು. ನೀನು ಊರು ಬಿಟ್ಟು ಏಳು ವರ್ಷವಾಯಿತು. ನಿನ್ನ ಭಾವ ಹೋದ ಸುದ್ದಿ ನಿನಗೆ ಮುಟ್ಟಿತೋ ಇಲ್ಲವೋ. ಹೋದ ವರ್ಷ ಯುಗಾದಿ ಕಳೆದ ವಾರ ಎದೆನೋವೆಂದು ಜಗಲಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ನಾನು ಗಟ್ಟಿಯಾಗಿದ್ದೇನೆ. ಬೆಳಿಗ್ಗೆ ಎದ್ದಾಗ ಮಾತ್ರ ಎರಡು ಲೋಟ ಕಾಫಿಗೆ ನೀರಿಡುತ್ತೇನೆ. ಆಮೇಲೆ ಒಂದು ಲೋಟ ನೀರು ಚೆಲ್ಲುತ್ತೇನೆ.

ಅವರು ಈಗ ರೇಡಿಯೋದಲ್ಲಿ ಬರುತ್ತಿದ್ದಾರೆ ಕಣೋ. ನಾನು ದಿನಾ ಪುಸ್ತಕದಲ್ಲಿ ಬರೆಯುತ್ತಿದ್ದುದು ನಿನಗೆ ಗೊತ್ತಲ್ಲ. ನಾಲ್ಕನೇ ಕ್ಲಾಸಿನ ಅಕ್ಷರ ಮರೆತುಹೋಗದಿರಲಿ ಎಂದು ಶುರುಮಾಡಿದ್ದು. ಊಟಕ್ಕೆ ಕೂತಾಗ ಅವರು ಹೇಳುತ್ತಿದ್ದ ಕಳ್ಳತನ, ಹೊಡೆದಾಟಗಳೆಲ್ಲ ಅದರಲ್ಲಿದ್ದವು. ಮೈಸೂರಿನಿಂದ ನಾಟಕ ಬರೆಯುವ ಮೇಷ್ಟರೊಬ್ಬರು ಬಂದು ಆ ಪುಸ್ತಕಗಳನ್ನು ಕೇಳಿ ತೆಗೆದುಕೊಂಡು ಹೋದರು. ಅವುಗಳಿಂದ ಹಳ್ಳಿಯ ಪೊಲೀಸ್ ದಫೇದಾರನೊಬ್ಬನ ನಾಟಕ ಮಾಡಿ, ಹದಿಮೂರು ಭಾನುವಾರ ಸಂಜೆ ಹಾಕುತ್ತಿದ್ದಾರೆ. ನಾಟಕದ ದಫೇದಾರರಿಗೆ ಹೆಸರಿಲ್ಲ. ಗಂಡನ ಹೆಸರು ಹೇಗೆ ಬರೆಯಲಿ ಎಂದು ಪುಸ್ತಕದ ತುಂಬ 'ಇವರು' ಎಂದೇ ಬರೆದಿದ್ದೆ. ಮೇಷ್ಟರು ಬಾಯಿಬಿಟ್ಟು ಕೇಳಿದಾಗಲೂ ತಲೆ ಬಗ್ಗಿಸಿ ನಕ್ಕುಬಿಟ್ಟೆ. ಹಾಗಾಗಿ ಅಲ್ಲಿ ಎಲ್ಲರೂ 'ದಫೇದಾರ್ರೇ' ಎಂದೇ ಕರೆಯುತ್ತಾರೆ. ನಮ್ಮೂರಿಗೆ ಗೊತ್ತಾಗದೆ ಇರುತ್ತದೆಯೇ? ಪಂಚಾಯ್ತಿ ರೇಡಿಯೋ ಮುಂದೆ ಐದು ಗಂಟೆಗೇ ಜನ ಸೇರುತ್ತಾರೆ. ಹಳೇ ಪಟೇಲ ದೊಡ್ಡಬೀರಯ್ಯನವರು ಕಂಬಳಿ ಹೊದ್ದು ಮುಂದೆ ಕೂತು, ಕಳ್ಳ ಯಾವ ಕಡೆ ಓಡಿದನೆಂದು ರೇಡಿಯೋಗೇ ಹೇಳಿಕೊಡುತ್ತಾರೆ.

ನಾಟಕವನ್ನು ನಿಜವೆಂದು ನಂಬಿ, ಕೃಷ್ಣರಾಜನಗರದ ಕಡೆಯ ಚಿಕ್ಕಬೀರಮ್ಮ ಎಂಬಾಕೆ ರೇಡಿಯೋದವರಿಂದ ಊರು ತಿಳಿದುಕೊಂಡು ಎರಡು ಬಸ್ಸು ಹತ್ತಿ ನಮ್ಮ ಬಾಗಿಲಿಗೆ ಬಂದಿದ್ದಳು. ಎಮ್ಮೆ ಕಳೆದಿದೆ, ರೇಡಿಯೋ ದಫೇದಾರರನ್ನು ಕರೆಯಿರಿ ಎಂದಳು. ಅವರಿಲ್ಲವೆಂದು ಹೇಳದೆ ಒಳಗೆ ಕರೆದು ಕೂರಿಸಿದೆ. ಅಷ್ಟು ದೂರದಿಂದ ಬಂದವಳನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಊಟ ಹಾಕಿ, ಅವರು ಕೇಳುತ್ತಿದ್ದ ಹಾಗೆ ಎಮ್ಮೆಯನ್ನು ಯಾರಿಂದ ಕೊಂಡಿದ್ದೆ, ಕರು ಎಲ್ಲಿದೆ ಎಂದೆಲ್ಲ ಕೇಳಿದೆ. ಕರು ಇನ್ನೂ ಹಳೇ ಯಜಮಾನನ ಮನೆಯಲ್ಲೇ ಇತ್ತು. ಅಲ್ಲಿ ಹೋಗಿ ನೋಡು ಎಂದೆ. ಎಮ್ಮೆ ಸಿಕ್ಕಿತೆಂದು ಎಂಟು ದಿನಕ್ಕೆ ಕಾರ್ಡು ಬಂತು. ಆ ಕಾರ್ಡನ್ನು ಅವರ ಪಟದ ಹಿಂದೆ ಇಟ್ಟಿದ್ದೇನೆ.

ಮೊನ್ನೆ ಭಾನುವಾರದ್ದು ಹನ್ನೆರಡನೆಯದು. ಅದು ನಿನ್ನ ಕೇಸು, ಮಾದು. ಪುಸ್ತಕ ಕೊಡುವಾಗ ಆ ಹಾಳೆಗಳನ್ನು ಹರಿಯಬೇಕೆಂದು ಕೈಯಿಟ್ಟಿದ್ದೆ; ಹರಿಯಲಿಲ್ಲ. ಊರಿನವರ ಮುಂದೆ ನಿನ್ನನ್ನು ಇನ್ನೊಂದು ಸಲ ಹಿಡಿದುಕೊಟ್ಟ ಹಾಗಾಗುತ್ತದೆಂದು ವಾರವೆಲ್ಲ ಅನ್ನ ಸೇರಲಿಲ್ಲ. ಪರ್ಮಿಟ್ಟಿಲ್ಲದೆ ಅಕ್ಕಿ ಗಡಿ ದಾಟಿಸಬಾರದೆಂದಿದ್ದ ಆ ಬರದ ವರ್ಷ, ಅಂತರಸಂತೆಯ ಆಚೆ ಬೆಳಗಾಗುವ ಹೊತ್ತಿಗೆ ನಿನ್ನ ಗಾಡಿ ಬಂತಲ್ಲ, ಎಲ್ಲ ಹಾಗೇ ಇತ್ತು. ಗಾಲಿ ಕಿರುಗುಟ್ಟುವುದನ್ನು ದೂರದಿಂದಲೇ ಕೇಳಿ ಅವರಿಗೆ ಗೊತ್ತಾಗಿತ್ತು. ಅಪ್ಪನ ಗಾಡಿ ಅದು, ನಮ್ಮನ್ನು ಮದುವೆ ಚಪ್ಪರದಿಂದ ಹೊತ್ತು ತಂದ ಗಾಡಿ. ಜೊತೆಯ ಪೇದೆ ಇನ್ನೂ ಹಿಂದಿದ್ದ. ಹೋಗು ಎಂದು ಕೈ ಬೀಸಿದ್ದರೆ ಸಾಕಿತ್ತು. ರೇಡಿಯೋದಲ್ಲಿ ಅವರು ನಿನಗೆ ಹೇಳಿದ ಮಾತೇ ಬಂತು: "ನಿನ್ನ ಬುಟ್ಬುಟ್ಟು ನಾಳೆ ಇನ್ನೊಬ್ಬನ ಗಾಡಿಗೆ ಹೆಂಗ್ಲಾ ಅಡ್ಡ ನಿಂತ್ಕಳ್ಲಿ?"

ಅಲ್ಲಿಯವರೆಗಿನದು ನಿನಗೂ ಗೊತ್ತು. ಮುಂದಿನದು ಗೊತ್ತಿಲ್ಲ. ಕೋಟೆ ಠಾಣೆಯ ಲಾಕಪ್ಪಿನಲ್ಲಿದ್ದ ಹದಿನೆಂಟು ದಿನವೂ ಹೋಟೆಲಿನ ರಾಮಮ್ಮ ನಿನಗೆ ಮುದ್ದೆ ಸಾರು ತಂದುಕೊಡುತ್ತಿದ್ದಳಲ್ಲ, ಅಕ್ಕ ಕಳಿಸಿದ್ದೆಂದು ಹೇಳಿ. ಆಗ ನಾನು ಕೋಟೆಯ ಮನೆಯಲ್ಲಿರಲಿಲ್ಲ, ಹಾರನಹಳ್ಳಿಯಲ್ಲಿ ಕಾಯಿಲೆ ಬಿದ್ದಿದ್ದ ಅವ್ವನ ಹಾಸಿಗೆ ಪಕ್ಕ ಕೂತಿದ್ದೆ. ನಾನು ಕೋಟೆಗೆ ವಾಪಸು ಬಂದ ಮಾರನೇ ದಿನ, ಬಿಡುಗಡೆಯಾಗಿ ಬಂದ ನೀನು ಬಾಗಿಲಲ್ಲೇ ನಿಂತು, "ಗಂಡನ್ ಮೇಲಿನ ಭಯಕ್ಕೆ ಮುದ್ದೇನೂ ಗಂಟು ಕಟ್ಟೋ ಅಂಗೆ ತಿರುವ್ತಿದ್ಯೇನಕ್ಕ?" ಎಂದು ಹಂಗಿಸಿ ಹೊರಟುಹೋದೆ. ಗಂಟು ಕಟ್ಟಿದ ಮುದ್ದೆ ಎಂದಾಗಲೇ ಯಾರು ಮಾಡಿದ್ದೆಂದು ನನಗೆ ತಿಳಿಯಿತು. ಕೇಳಿದರೆ ಅವರು, "ಏಳ್ಬೇಡ ಕಣಮ್ಮಿ. ನಾನ್ ಮಾಡಿದ್ದು ಅಂತ ಗೊತ್ತಾದ್ರೆ ಉಂಡಿದ್ದೂ ಅವನ್ಗೆ ಮೈಗತ್ತಲ್ಲ" ಎಂದರು. ಆಣೆ ಹಾಕಿಸಿಕೊಂಡರು. ಬರೆಯಬೇಡ ಎಂದಿರಲಿಲ್ಲ, ಬರೆದಿಟ್ಟೆ.

ನಾಟಕದಲ್ಲಿ ದಫೇದಾರರು ಒಲೆ ಊದಿ ಕೆಮ್ಮಿ, ಹಿಟ್ಟು ಹಾಕಿ ಕೋಲು ತಿರುವುವಾಗ ಜನ ನಕ್ಕರು. ಯಾರಿಗೆಂದು ತಿಳಿದ ಮೇಲೆ ಮುಂದಕ್ಕೆ ಸರಿದು ಕಿವಿಗೊಟ್ಟರು. ದೊಡ್ಡಬೀರಯ್ಯನವರು ಕಣ್ಣೊರೆಸಿಕೊಂಡು, "ಇಡ್ದೋನೂ ಅವ್ನೇ, ಉಣ್ಣಾಕಿಕ್ದೋನೂ ಅವ್ನೇ" ಎಂದರು. ನಿನ್ನನ್ನು ಕಳ್ಳ ಎಂದವರು ಒಬ್ಬರೂ ಇಲ್ಲ. ಎಲ್ಲರೂ ಕೇಳಿದ್ದು ಒಂದೇ, ಆ ಭಾಮೈದ ಈಗ ಎಲ್ಲಿದ್ದಾನೆ ಎಂದು. ಅಂಥವರ ಹೆಂಡತಿಯಾಗಿ ಇಪ್ಪತ್ತಾರು ವರ್ಷ ಇದ್ದೆ ಎಂದು ಎದೆ ತುಂಬಿ ಮನೆಗೆ ಬಂದೆ. ನಿನಗೆ ತಿಳಿಯದೇ ಹೋಗಬಾರದೆಂದು ಬರೆದಿದ್ದೇನೆ. ನನ್ನ ಮೇಲೂ ಕೋಪವಿದ್ದರೆ ಇರಲಿ.

ನಾದಿನಿಗೆ ನನ್ನ ಪ್ರೀತಿ. ಮಗುವಿಗೆ ದೃಷ್ಟಿ ತೆಗೆ. ಬೀರೇದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ಇತಿ ನಿನ್ನ ಅಕ್ಕ,
ಬೀರಮ್ಮ

ಮರೆತೆ: ಏಪ್ರಿಲ್ ಮೂರನೇ ತಾರೀಕು ಸೋಮವಾರ ಅವರ ವರ್ಷದ ಕಾರ್ಯ. ಅವರು ತೀರಿದ ಹನ್ನೊಂದನೇ ದಿನ ನನಗೆ ತವರಿನ ಸೀರೆ ಹೊದಿಸಲು ಒಡಹುಟ್ಟಿದವರು ಯಾರೂ ಇರಲಿಲ್ಲ. ಚಿಕ್ಕಪ್ಪನ ಮಕ್ಕಳು ತಂದಿದ್ದನ್ನು, ನನ್ನ ತಮ್ಮ ತರುತ್ತಾನೆ ಎಂದು ಹೇಳಿ ವಾಪಸು ಕಳಿಸಿದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ, ಈಗ ಎಲ್ಲರೂ ಕಾಯುತ್ತಿದ್ದಾರೆ. ಎಂಥ ಸೀರೆಯಾದರೂ ಸರಿ. ಬಿಳಿಯದು ಮಾತ್ರ ಬೇಡ, ಅವರಿಗೆ ಹಿಡಿಸುತ್ತಿರಲಿಲ್ಲ. ಹಸಿರು ಸಿಕ್ಕರೆ ಹಸಿರೇ ತಾ.