ತಗಡಿನ ಛಾವಣಿಯ ಮೇಲೆ ಊಟದ ಡಬ್ಬಿ

ಮನೆ, ಅಮ್ಮನ ಹೊಲಿಗೆ ಯಂತ್ರದ ಪಕ್ಕ
ಮೇ ೧೭, ಶನಿವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಗೂಬೆ ಮೇಷ್ಟ್ರು ಎನ್ನುವವರು ಯಾರೂ ಇಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಒಟ್ಟಿಗೆ ಸೀನುವ ಮೂವರು ಹುಡುಗರೂ ಇಲ್ಲ. ದಿನಾ ತಡವಾಗಿ ಬಂದು, ಮುಚ್ಚಿದ ಗೇಟಿನ ಹೊರಗೆ ನನ್ನ ಪಕ್ಕ ನಿಂತು, ದಿನಕ್ಕೊಂದು ಹೊಸ ಸುಳ್ಳು ಹೊಸೆಯುವ ನೆಪದ ರಾಣಿಯೂ ಇಲ್ಲ. ನಾನು ಶಾಲೆ ಬಿಟ್ಟು ಹತ್ತು ತಿಂಗಳಾಯಿತು. ಈ ಹತ್ತು ತಿಂಗಳಲ್ಲಿ ನಿನಗೆ ಬರೆದ ಮೂವತ್ತೆಂಟು ಪತ್ರಗಳಲ್ಲಿ ಶಾಲೆಯ ಬಗ್ಗೆ ಇದ್ದದ್ದೆಲ್ಲ ಅನಿಮೆಗಳಿಂದ, ಆ ಜಪಾನಿ ಕಾರ್ಟೂನುಗಳಿಂದ ಕದ್ದದ್ದು. ಇದನ್ನು ಇನ್ನೂ ಮುಚ್ಚಿಟ್ಟುಕೊಂಡು ಇರಬಹುದಿತ್ತೇನೋ. ಆದರೆ ಆಸ್ಪತ್ರೆಯಿಂದ ಇಪ್ಪತ್ನಾಲ್ಕಕ್ಕೆ ಮನೆಗೆ ಕಳಿಸುತ್ತಾರೆ, ಮುಂದಿನ ತಿಂಗಳು ಕೊನೆಯ ವರ್ಷಕ್ಕೆ ಮತ್ತೆ ಸೇರುತ್ತೇನೆ ಎಂದು ನೀನು ಬರೆದೆ. ಅದರ ಕೆಳಗೇ, ‘ಲೋ ಪಿಟೀಲು, ಇನ್ಮೇಲೆ ನೀನೂ ನಾನೂ ಒಂದೇ ಕ್ಲಾಸು ಕಣೋ, ಮೊದಲನೇ ದಿನವೇ ನಿನ್ನ ಪಟಾಲಂನೆಲ್ಲ ಪರಿಚಯ ಮಾಡಿಸ್ಬೇಕು’ ಎಂದೂ ಬರೆದೆ. ಆ ಪಟಾಲಂ ಅನ್ನು ಹುಡುಕಿಕೊಂಡು ನೀನು ತರಗತಿಯ ಬಾಗಿಲು ದಾಟುವ ಮುಂಚೆ ಈ ಪತ್ರ ನಿನ್ನ ಕೈ ಸೇರಬೇಕು.

ಹೇಗಿದ್ದೀಯ ಎಂದು ಮೊದಲು ಕೇಳಬೇಕಿತ್ತು. ಎಡಗಡೆ ಪಕ್ಕೆಯ ನೋವು ಪೂರ್ತಿ ಹೋಯಿತೇ? ಮೆಟ್ಟಿಲು ಹತ್ತಿದರೆ ಇನ್ನೂ ಏದುಸಿರು ಬರುತ್ತದೆಯೇ? ತೂಕ ಏರಿದೆ ಎಂದು ಬರೆದಿದ್ದೀಯ, ಎಷ್ಟು ಎಂದು ಬರೆದಿಲ್ಲ. ಅಮ್ಮ ಅದನ್ನೇ ಹಿಡಿದುಕೊಂಡು ಕೂತಿದ್ದಾಳೆ. ನನ್ನ ಪತ್ರಗಳನ್ನು ವಾರ್ಡಿನಲ್ಲಿ ಜೋರಾಗಿ ಓದುತ್ತೀಯಂತೆ, ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿ ನಕ್ಕು ನಕ್ಕು ಕೆಮ್ಮು ಬಂದು, ನರ್ಸಮ್ಮನ ಕೈಲಿ ನೀನು ಬೈಸಿಕೊಂಡೆಯಂತೆ. ಅದನ್ನು ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಇದೊಂದನ್ನು ಮಾತ್ರ ಜೋರಾಗಿ ಓದಬೇಡ.

ನೀನು ಆಸ್ಪತ್ರೆಗೆ ಹೋಗುವಾಗ, ‘ನನ್ನ ಪಾಲಿನ ಶಾಲೆನೂ ನೀನೇ ನೋಡ್ಕೊಂಡು ಬಂದು ಬರಿ’ ಎಂದಿದ್ದೆ. ಮೊದಲ ಕೆಲವು ತಿಂಗಳು ನಾನು ನಿಜವನ್ನೇ ಬರೆದೆ, ಅರ್ಧ ಬಿಟ್ಟು ಬರೆದೆ. ಬಿಟ್ಟದ್ದು ಇದು. ನಿನ್ನದು ಕ್ಷಯ ಎಂದು ಶಾಲೆಗೆ ಗೊತ್ತಾದ ಮಾರನೆಯ ವಾರ ನನ್ನ ಬೆಂಚಿನಲ್ಲಿ ಕೂರುತ್ತಿದ್ದವನು ಮುಂದಿನ ಸಾಲಿಗೆ ಹೋದ. ಆಮೇಲೆ ಹಿಂದಿನವರು ತಮ್ಮ ಬೆಂಚನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು. ಯಾರೂ ಬೈಯಲಿಲ್ಲ, ಆಡಿಕೊಳ್ಳಲಿಲ್ಲ, ನನ್ನ ಪೆನ್ನು ಮಾತ್ರ ಯಾರೂ ಕೇಳಲಿಲ್ಲ. ನನ್ನಿಂದ ಯಾರಿಗೂ ಏನೂ ಅಂಟುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಅಮ್ಮ ಹೆಡ್‌ಮಾಸ್ಟರಿಗೆ ಕೊಟ್ಟಳು. ಅವರು ಅದನ್ನು ಎರಡು ಸಲ ಓದಿ, ‘ಆಗಲಿ ತಾಯಿ’ ಎಂದು ಡ್ರಾಯರಿನಲ್ಲಿಟ್ಟರು. ಅದು ಅಲ್ಲೇ ಉಳಿಯಿತು. ಇದೊಂದೇ ಕಾರಣಕ್ಕೆ ಬಿಟ್ಟೆ ಎಂದರೆ ಅದೂ ಸುಳ್ಳಾಗುತ್ತದೆ, ಅಕ್ಕಾ. ಬೀಜಗಣಿತ ನನಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಒಂದು ಕಡೆ ಕೂತರೆ ನನಗೆ ಇರುವೆ ಹತ್ತಿದ ಹಾಗಾಗುತ್ತದೆ, ನಿನಗೇ ಗೊತ್ತು. ಬೆಂಚು ಸರಿದದ್ದು ನೆಪವಾಯಿತೋ ಕಾರಣವಾಯಿತೋ ನಾನೇ ಇನ್ನೂ ಇತ್ಯರ್ಥ ಮಾಡಿಕೊಂಡಿಲ್ಲ.

ಬಿಟ್ಟ ಮೇಲೆ ಹೋದದ್ದು ಟೀವಿ ಮಾಮನ ಅಂಗಡಿಗೆ. ಮೂಲೆಯ ರಿಪೇರಿ ಅಂಗಡಿ, ನಿನಗೆ ನೆನಪಿರಬೇಕು, ನಮ್ಮ ರೇಡಿಯೋ ಬಿಚ್ಚಿದವರು ಮುಚ್ಚುವಾಗ ಮೂರು ತಿರುಪು ಉಳಿಸಿಕೊಂಡಿದ್ದರಲ್ಲ, ಅವರೇ. ಅಲ್ಲಿ ಒಂದು ಕಟ್ಟುನಿಟ್ಟು ಇದೆ. ರಿಪೇರಿಯಾದ ಟೀವಿಯನ್ನು ನಾಲ್ಕು ಗಂಟೆ ಎಡೆಬಿಡದೆ ಓಡಿಸಿ ನೋಡಬೇಕು, ಮಧ್ಯೆ ಚಿತ್ರ ನಡುಗಿದರೆ ಮತ್ತೆ ಬಿಚ್ಚಬೇಕು. ನೋಡುತ್ತ ಕೂರುವ ಕೆಲಸ ನನ್ನದು. ಯಾರೋ ಗಿರಾಕಿ ಕೆಟ್ಟ ಪ್ಲೇಯರಿನ ಜೊತೆ ಒಂದು ಪೆಟ್ಟಿಗೆ ಡಿಸ್ಕು ಬಿಟ್ಟುಹೋದವರು ವಾಪಸ್ಸು ಬಂದಿರಲಿಲ್ಲ. ಅವು ನಾವು ಹುಟ್ಟುವ ಮುಂಚಿನ ಅನಿಮೆ, ಒಂದು ಹೈಸ್ಕೂಲಿನ ತಮಾಷೆ ಕಥೆ. ಹಳೆಯ ಡಬ್ಬಿ ಟೀವಿಗೆ ಆ ಡಿಸ್ಕು ಹಾಕುತ್ತಿದ್ದೆ. ಚಪ್ಪಟೆ ಟೀವಿ ಬಂದರೆ ಇಂಟರ್‌ನೆಟ್ಟಿನಿಂದ ಹೋದ ವರ್ಷದ ಹೊಸ ಕಥೆ ಹಾಕುತ್ತಿದ್ದೆ. ಮಾಮ ಬೆಸುಗೆ ಹಾಕುತ್ತ ಒಂದು ಸಲ ತಲೆ ಎತ್ತಿ, ‘ಲೋ, ಈ ಮಕ್ಕಳಿಗೆ ಮೂಗೇ ಇಲ್ವಲ್ಲೋ, ನೆಗಡಿಯಾದ್ರೆ ಏನ್ ಮಾಡ್ತವೆ?’ ಎಂದಿದ್ದರು. ಅದನ್ನೂ ಗೂಬೆ ಮೇಷ್ಟ್ರ ಬಾಯಿಗೆ ಹಾಕಿ ನಿನಗೆ ಬರೆದಿದ್ದೆ.

ನಾವಿಬ್ಬರೂ ಒಂದೇ ಕಂಬಳಿಯಲ್ಲಿ ಕೂತು ನೋಡಿದ ಅನಿಮೆಯಿಂದ ಮಾತ್ರ ಏನನ್ನೂ ಕದಿಯಲಿಲ್ಲ, ಕದ್ದರೆ ನಿನಗೆ ಗೊತ್ತಾಗುತ್ತಿತ್ತು. ಕಳೆದುಹೋದ ವಸ್ತುಗಳ ಕ್ಲಬ್ಬಿನ ನಾಲ್ವರು ಹುಡುಗಿಯರ ಕಥೆ. ಪಾಠ ಮುಗಿದ ಮೇಲೆ ಆ ಸಣ್ಣ ಕೋಣೆಯಲ್ಲಿ ಕೂತು, ಯಾರದೋ ಒಂಟಿ ಕೈಗವಸನ್ನು ಮುಂದಿಟ್ಟುಕೊಂಡು, ಇದು ಯಾರದಿರಬಹುದು ಎಂದು ಇಪ್ಪತ್ತು ನಿಮಿಷ ಮಾತಾಡುತ್ತಿದ್ದರು. ‘ಇದ್ರಲ್ಲಿ ಏನೂ ಆಗೋದೇ ಇಲ್ವಲ್ಲೇ’ ಎಂದು ನಾನು ಪಿಟೀಲು ಕುಯ್ದಾಗ, ‘ಏನೂ ಆಗ್ದೆ ಇರೋದು ಎಷ್ಟು ಚೆನ್ನಾಗಿರುತ್ತೆ ಗೊತ್ತಾ’ ಎಂದಿದ್ದೆ ನೀನು. ಆಗ ನಿನಗೆ ಸಂಜೆ ಹೊತ್ತು ಜ್ವರ ಬರಲು ಶುರುವಾಗಿತ್ತು, ನಮಗೆ ಗೊತ್ತಿರಲಿಲ್ಲ.

ಹಳೆಯದು ಹಾಗಲ್ಲ. ಅದರಲ್ಲಿ ಎಲ್ಲ ತರಗತಿಯ ಒಳಗೇ ಆಗುತ್ತದೆ. ಬಣ್ಣ ಗೆರೆ ಮೀರಿ ಚೆಲ್ಲಿರುತ್ತದೆ, ಆಕಾಶದಲ್ಲಿ ಧೂಳಿನ ಚುಕ್ಕಿ ಕಾಣುತ್ತದೆ, ಮಾತಾಡುವಾಗ ಬಾಯಿ ಬಿಟ್ಟು ಬೇರೇನೂ ಅಲುಗುವುದಿಲ್ಲ. ಆದರೆ ನಲವತ್ತು ಮಕ್ಕಳಿಗೆ ನಲವತ್ತು ಮುಖ. ಮೂಲೆಯಲ್ಲಿ ಕೂತವನಿಗೂ ಒಂದು ಮಚ್ಚೆ, ಒಂದು ಕೆಟ್ಟ ಅಭ್ಯಾಸ, ವಾರಕ್ಕೊಮ್ಮೆ ಒಂದು ಮಾತು ಇರುತ್ತದೆ. ಯಾರಾದರೂ ಬಾರದಿದ್ದರೆ ಹಾಜರಿ ಕೂಗುವಾಗ ಆರು ಜನ ಆರು ದನಿಯಲ್ಲಿ ‘ಹಾಜರ್’ ಎನ್ನುತ್ತಾರೆ, ಗೂಬೆ ಮೇಷ್ಟ್ರು ಶಿಕ್ಷೆಗೆಂದು ಎಲ್ಲರ ಕೈಗೂ ನೀರಿನ ಬಕೆಟ್ಟು ಕೊಟ್ಟು ಹೊರಗೆ ನಿಲ್ಲಿಸುತ್ತಾರೆ. ಹೊಸದನ್ನು ನೋಡಿದರೆ ಕಣ್ಣು ತಣಿಯುತ್ತದೆ, ಬ್ಯಾಗಿನ ಹೊಲಿಗೆಯ ಎಳೆ ಎಣಿಸಬಹುದು. ಆದರೆ ಅದು ನಡೆಯುವುದೇ ಗೇಟಿನ ಹೊರಗೆ, ತಡವಾಗಿ ಬಂದ ಇಬ್ಬರ ನಡುವೆ. ಉಳಿದ ಮಕ್ಕಳು ದೂರದ ಕಿಟಕಿಯಲ್ಲಿ ಕಾಣುತ್ತಾರೆ, ಬೂದು ಬಣ್ಣ, ಮುಖ ಬರೆದಿರುವುದಿಲ್ಲ. ಒಳಗಿನಿಂದ ಹಾಜರಿ ಕೇಳಿಸುತ್ತದೆ, ನೆಪದ ರಾಣಿಯ ಹೆಸರು ಬರುತ್ತದೆ, ಎರಡು ಕ್ಷಣ ಮೌನ, ಮುಂದಿನ ಹೆಸರು. ಆ ಎರಡು ಕ್ಷಣದಲ್ಲಿ ಅವಳು ಮಾಡುವ ಮುಖವೇ ತಮಾಷೆ. ನಾನೂ ನಕ್ಕಿದ್ದೇನೆ.

ಮೂರನ್ನೂ ಸಾಲಾಗಿಟ್ಟು ನೋಡು. ಮೊದಲು ಇಡೀ ತರಗತಿ, ಆಮೇಲೆ ನಾಲ್ವರ ಕೋಣೆ, ಈಗ ಗೇಟಿನ ಹೊರಗೆ ಇಬ್ಬರು. ವರ್ಷ ಕಳೆದಂತೆ ಚಿತ್ರ ಚೆನ್ನಾಗುತ್ತ ಬಂತು, ಶಾಲೆ ಚಿಕ್ಕದಾಗುತ್ತ ಬಂತು. ಇದನ್ನು ಮಾಮನಿಗೆ ಹೇಳಿದೆ. ‘ಬರೆಯೋರಿಗೆ ಸೋಮಾರಿತನ ಬಂದಿರುತ್ತೆ ಬಿಡು’ ಎಂದರು. ಇರಬಹುದು. ಆದರೆ ಆ ಬೂದು ಮಕ್ಕಳಲ್ಲಿ ಒಬ್ಬನಾಗಿ ನಾನು ಆರು ತಿಂಗಳು ಕೂತಿದ್ದೆ, ನನಗೆ ಹಾಗೆ ಅನ್ನಿಸುವುದಿಲ್ಲ.

ನಿನಗೆ ಅನುಮಾನ ಬಂದಿತ್ತು, ಅಲ್ಲವೇ? ಹಳೆಯದನ್ನೂ ಹೊಸದನ್ನೂ ಬೆರೆಸುವಾಗ ನಾನು ಎಡವಿದೆ. ಒಂದು ವಾರ ನನ್ನ ಗೆಳೆಯರೆಲ್ಲ ಕಾಸು ಹಾಕುವ ಫೋನಿನ ಮುಂದೆ ಸಾಲು ನಿಂತರು, ಮುಂದಿನ ವಾರ ಎಲ್ಲರ ಜೇಬಿನಲ್ಲೂ ಮೊಬೈಲು. ಅದಕ್ಕಿಂತ ದೊಡ್ಡ ಎಡವಟ್ಟು ಛಾವಣಿಯದು. ಅನಿಮೆಯಲ್ಲಿ ಯಾವ ವರ್ಷದ್ದಾದರೂ ಸರಿ, ಮಧ್ಯಾಹ್ನ ಎಲ್ಲರೂ ಶಾಲೆಯ ಛಾವಣಿಗೆ ಹೋಗಿ ಊಟದ ಡಬ್ಬಿ ಬಿಚ್ಚುತ್ತಾರೆ. ನಾನೂ ಹಾಗೇ ಬರೆದುಬಿಟ್ಟೆ. ಆ ಶಾಲೆಯಲ್ಲಿ ನೀನೂ ಓದಿದವಳು ಎಂಬುದೇ ಮರೆತುಹೋಗಿತ್ತು. ‘ಲೋ, ಇಳಿಜಾರು ತಗಡಿನ ಮೇಲೆ ಹನ್ನೊಂದು ಜನ ಹೆಂಗೋ ಕೂತ್ರಿ? ಜಾರುಬಂಡೆ ಆಡಿದ್ರಾ?’ ಎಂದು ಕೇಳಿದೆ ನೀನು. ಹೊಸ ಕಟ್ಟಡ ಕಟ್ಟಿಸಿದ್ದಾರೆ, ಕಾಂಕ್ರೀಟು ಹಾಕಿದ್ದಾರೆ ಎಂದು ಮತ್ತೊಂದು ಸುಳ್ಳು ಬರೆದೆ. ಆಮೇಲೆ ನೀನು ಕೇಳಲಿಲ್ಲ. ಮುಂದಿನ ಪತ್ರದಲ್ಲಿ ‘ಆ ಛಾವಣಿ ಮೇಲೆ ನಂಗೂ ಒಂದು ಜಾಗ ಇಟ್ಟಿರು’ ಎಂದಷ್ಟೇ ಇತ್ತು. ನಂಬಿ ಬರೆದೆಯೋ, ನಂಬದೆ ಬರೆದೆಯೋ, ಈಗಲೂ ನನಗೆ ತಿಳಿದಿಲ್ಲ. ಕಾಂಕ್ರೀಟು ಇಲ್ಲ, ಅಕ್ಕಾ. ಅದೇ ತಗಡು, ಅದೇ ತುಕ್ಕು.

ಬಿಟ್ಟ ಎರಡು ತಿಂಗಳಿಗೆ ಒಂದು ದಿನ ಅಲ್ಲಿಗೆ ಹೋಗಿದ್ದೆ, ಸೇರಲು ಅಲ್ಲ. ರಿಪೇರಿಯಾದ ಟೀವಿಯನ್ನು ಶಾಲೆಯ ಹಿಂದಿನ ಮನೆಗೆ ಕೊಟ್ಟು ಬರುವಾಗ ಗೋಡೆಯ ಆಚೆ ಹಾಜರಿ ಕೂಗುವುದು ಕೇಳಿಸಿತು, ನಿಂತೆ. ನನ್ನದು ಇಪ್ಪತ್ತಮೂರನೇ ನಂಬರು. ಆ ಹೊಸ ಕಥೆಯ ಹಾಗೆ ಎರಡು ಕ್ಷಣ ಮೌನ ಬರುತ್ತದೆ ಎಂದುಕೊಂಡಿದ್ದೆ. ಇಪ್ಪತ್ತೆರಡು ಎಂದರು. ಇಪ್ಪತ್ತಮೂರು ಎಂದರು. ‘ಹಾಜರ್ ಸಾರ್’ ಎಂದು ಒಂದು ದನಿ ಬಂತು. ನನ್ನ ಹೆಸರು ಹೊಡೆದುಹಾಕಿ, ಕೆಳಗಿನವರನ್ನೆಲ್ಲ ಒಂದೊಂದು ಮೆಟ್ಟಿಲು ಮೇಲಕ್ಕೆ ತಂದಿದ್ದರು. ಅದು ನ್ಯಾಯವೇ, ಬಾರದವನಿಗೆ ನಂಬರು ಯಾಕೆ? ಅಂಗಡಿಗೆ ಬಂದು ಆ ದಿನ ಮಧ್ಯಾಹ್ನವೇ ನಿನಗೆ ಆರು ಜನ ಆರು ದನಿಯಲ್ಲಿ ನನ್ನ ಹಾಜರಿ ಹೇಳಿದ ಕಥೆ ಬರೆದೆ. ಅಜ್ಜಿಗೆ ಕೆಮ್ಮು ಬಂದದ್ದು ಅದಕ್ಕೇ.

ಅಮ್ಮನಿಗೆ ಮೊದಲಿನಿಂದಲೂ ಗೊತ್ತು. ‘ಅವಳು ಗುಣವಾಗೋ ತನಕ ಬಾಯಿಗೆ ಬೀಗ ಹಾಕ್ಕೋ’ ಎಂದವಳು ಅವಳೇ. ಅವಳನ್ನು ಬೈಯಬೇಡ, ಸುಳ್ಳಿನ ಕಸೂತಿ ಹಾಕಿದ ಕೈ ನನ್ನದು. ಅವಳು ನಿನಗೆ ಹೊಸ ಯೂನಿಫಾರ್ಮು ಹೊಲಿದು ಮುಗಿಸಿದ್ದಾಳೆ. ಈಗಿನ ಅಳತೆ ಗೊತ್ತಿಲ್ಲದೆ ಪಕ್ಕದಲ್ಲಿ ಎರಡೆರಡು ಬೆರಳು ಬಟ್ಟೆ ಒಳಗೆ ಮಡಚಿ ಬಿಟ್ಟಿದ್ದಾಳೆ. ದಪ್ಪಗಾಗಿದ್ದರೆ ಬಿಚ್ಚಬಹುದು ಎನ್ನುತ್ತಾಳೆ. ಸಣ್ಣಗಾಗಿದ್ದರೆ ಎಂಬ ಮಾತು ಅವಳ ಬಾಯಲ್ಲಿ ಬರುವುದಿಲ್ಲ. ಊರಿನ ಅರ್ಧ ಮಕ್ಕಳಿಗೆ ಯೂನಿಫಾರ್ಮು ಹೊಲಿಯುವವಳ ಮನೆಯಲ್ಲಿ ಹತ್ತು ತಿಂಗಳ ಮೇಲೆ ಒಂದು ನಮ್ಮದು ನೇತಾಡುತ್ತಿದೆ.

ಹೋಗಬೇಡ ಎಂದು ನಾನು ಹೇಳುತ್ತಿಲ್ಲ. ನೀನು ನನ್ನ ಹಾಗಲ್ಲ, ಬೀಜಗಣಿತ ನಿನಗೆ ಬರುತ್ತದೆ. ಆದರೆ ಅಲ್ಲಿ ಬಕೆಟ್ಟು ಹಿಡಿದು ನಗುವವರು ಇರುವುದಿಲ್ಲ ಎಂದು ತಿಳಿದುಕೊಂಡು ಹೋಗು. ಬೆಂಚು ಸರಿಯಬಹುದು. ಹೆಡ್‌ಮಾಸ್ಟರಿಗೆ ಹೊಸ ಚೀಟಿ ಕೊಡುವಾಗ, ಅದನ್ನು ತರಗತಿಯಲ್ಲಿ ಓದಿ ಹೇಳುವ ತನಕ ಎದ್ದು ಬರಬೇಡ ಎಂದು ಅಮ್ಮನಿಗೆ ಹೇಳಿದ್ದೇನೆ. ಇನ್ನೊಂದು ನಿಜ ಉಳಿದಿದೆ. ನಾನು ಶಾಲೆ ಬಿಟ್ಟ ಮೇಲೆ ಒಬ್ಬ ಹುಡುಗಿ ತನ್ನ ತಾತನ ರೇಡಿಯೋ ಹಿಡಿದು ಅಂಗಡಿಗೆ ಬಂದಿದ್ದಳು. ನನ್ನ ತರಗತಿಯವಳೇ, ಎರಡನೇ ಬೆಂಚು, ಎಡಗೈಯಲ್ಲಿ ಬರೆಯುತ್ತಾಳೆ. ರೇಡಿಯೋ ಮೇಜಿನ ಮೇಲಿಟ್ಟು, ‘ನಿಮ್ಮಕ್ಕಂಗೆ ಈಗ ಹೆಂಗಿದೆ?’ ಎಂದಳು. ಪರವಾಗಿಲ್ಲ ಎಂದೆ. ‘ಕೇಳ್ಬೇಕು ಅಂತ ಎಷ್ಟೋ ದಿನದಿಂದ ಇತ್ತು, ನೀನು ಮುಖ ಗಂಟು ಹಾಕ್ಕೊಂಡಿರ್ತಿದ್ದೆ’ ಎಂದಳು. ಅಷ್ಟೇ, ಹೋದಳು. ಇದನ್ನು ನಾನು ನಿನಗೆ ಯಾವತ್ತೂ ಬರೆಯಲಿಲ್ಲ, ಇದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ನಾನು ಮುಖ ಗಂಟು ಹಾಕಿಕೊಂಡಿದ್ದೆ ಎಂಬುದನ್ನೂ ಬರೆಯಬೇಕಾಗುತ್ತಿತ್ತು. ಅವಳು ನಿನ್ನ ತರಗತಿಯಲ್ಲಿರುತ್ತಾಳೆ. ಅವಳಿಗೆ ಮುಖ ಇದೆ.

ಸೋಮವಾರ ಅಮ್ಮ ನಿನ್ನನ್ನು ನೋಡಲು ಬರುವಾಗ ಇದನ್ನು ಕೈಯಲ್ಲೇ ತರುತ್ತಾಳೆ. ಅಜ್ಜಿಗೆ ನನ್ನ ನಮಸ್ಕಾರ ಹೇಳು, ಗೂಬೆ ಮೇಷ್ಟ್ರ ವಿಷಯ ಮಾತ್ರ ಅವರಿಗೆ ಹೇಳಬೇಡ, ಅವರಾದರೂ ನಗಲಿ. ಮಾತ್ರೆ ತಪ್ಪಿಸಬೇಡ. ನನ್ನ ಮೇಲೆ ಸಿಟ್ಟು ಬಂದರೆ ಪೂರ್ತಿ ಸಿಟ್ಟು ಮಾಡಿಕೋ, ನಗುತ್ತ ಬಿಟ್ಟುಬಿಡಬೇಡ.

ನಿನ್ನ ತಮ್ಮ,
ಪಿಟೀಲು

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಮೊಬೈಲ್ ಟವರ್ ನಿಲ್ಲಿಸುವ ತಂಡಕ್ಕೆ ಆಳು ಬೇಕಿತ್ತು, ಮಾಮ ಮಾತಾಡಿ ನನ್ನನ್ನು ಸೇರಿಸಿದ್ದಾರೆ. ಆರು ತಿಂಗಳು, ಊರಿಂದ ಊರಿಗೆ. ಇನ್ನೊಂದು ವಾರ ತಡೆದು ಹೋಗಬಹುದೇ ಎಂದು ಮೇಸ್ತ್ರಿಯನ್ನು ಕೇಳಬಹುದಿತ್ತು, ಕೇಳಲಿಲ್ಲ. ‘ಅವಳ ಮುಖ ನೋಡ್ಕೊಂಡು ಹೋಗೋಕೂ ಆಗಲ್ವೇನೋ?’ ಎಂದು ಅಮ್ಮ ಬೆಳಗಿನಿಂದ ಮೂರು ಸಲ ಕೇಳಿದಳು. ಆಗುವುದಿಲ್ಲ, ಅಕ್ಕಾ. ಇಪ್ಪತ್ನಾಲ್ಕಕ್ಕೆ ನೀನು ಬರುವಾಗ ನಾನು ಮನೆಯಲ್ಲಿ ಇರುವುದಿಲ್ಲ. ಲಾರಿ ಆರು ಗಂಟೆಗೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.